ಮದ್ದು ಬಿಟ್ಟ ಮೇಲೆ ನುಸಿ ಜಾಸ್ತಿ ಆಗುವುದು ಯಾಕೆ? ನನ್ನ ಅರ್ಧ ಮುಚ್ಚಳದ ಕಥೆ

ಪೆರ್ಲದ ತೋಟಿಗ:
ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆ ಇದ್ದವರು ಓದಿ.

ನನ್ನದು ಕಾಸರಗೋಡಿನ ಪೆರ್ಲದಿಂದ ಒಳಗೆ, ಮುಖ್ಯ ಬೆಳೆ ಅಡಿಕೆ. ತೋಟದ ಕೆಳಗಿನ ಗದ್ದೆಯಲ್ಲಿ ಬೇಸಗೆಗೆ ಬೆಂಡೆ ಹಾಕುತ್ತೇನೆ. ಈ ಸಲ ಇನ್ನೂರು ಬುಡ ಇತ್ತು. ಗಿಡ ಮೊಣಕಾಲೆತ್ತರ ಬಂದಾಗ ಎಲೆ ಅಡಿಯಲ್ಲಿ ಹಸಿರು ಜಿಗಿಹುಳ. ಮನೆಯಲ್ಲಿ ಹೋದ ವರ್ಷದ ಇಮಿಡಾಕ್ಲೋಪ್ರಿಡ್ ಕೀಟನಾಶಕದ ಬಾಟಲಿ ಅರ್ಧ ಉಳಿದಿತ್ತು. ಮನೆಯವಳು ಹೇಳಿದಳು, ನಾವೇ ತಿನ್ನುವ ಬೆಂಡೆ, ಕಮ್ಮಿ ಹಾಕಿ ಅಂತ. ಸರಿ ಅಂತ ಕ್ಯಾನಿಗೆ ಅರ್ಧ ಮುಚ್ಚಳ ಹಾಕಿ ಬಿಟ್ಟೆ. ಜಿಗಿಹುಳ ಹೋಯಿತು, ಖುಷಿ ಆಯಿತು.

ಎರಡು ವಾರ ಕಳೆದು ಕಾಯಿಕೊರಕ ಕಾಣಿಸಿತು. ಅಂಗಡಿಯಿಂದ ಪೈರೆಥ್ರಾಯ್ಡ್ ಗುಂಪಿನ ಒಂದು ಕೀಟನಾಶಕ ತಂದೆ, ಸೈಪರ್‌ಮೆತ್ರಿನ್. ಅದನ್ನೂ ತೆಳುವಾಗಿಯೇ ಬಿಟ್ಟೆ. ಆಮೇಲೆ ಶುರುವಾಯಿತು ನೋಡಿ. ಮೊದಲು ಎಲೆ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿ. ಆಮೇಲೆ ಇಡೀ ಎಲೆ ಬೂದಿ ಹಚ್ಚಿದ ಹಾಗೆ. ಕೊನೆಗೆ ತುದಿಯಲ್ಲಿ ಬಲೆ, ಬಲೆಯೊಳಗೆ ಕೆಂಪು ಪುಡಿ ಹರಿದಾಡಿದ ಹಾಗೆ. ಜೇಡ ನುಸಿ. ಹದಿನೈದು ದಿನದಲ್ಲಿ ಇಡೀ ಗದ್ದೆ.

ನನಗೆ ತಲೆ ಕೆಟ್ಟದ್ದು ಬೇರೆ ಕಾರಣಕ್ಕೆ. ದನದ ಹಟ್ಟಿಯ ಪಕ್ಕದ ಮೂಲೆಯಲ್ಲಿ ಹನ್ನೆರಡು ಬುಡ ಇತ್ತು. ಎರಡು ಸಲವೂ ಕ್ಯಾನು ಅಲ್ಲಿಗೆ ತಲುಪುವಾಗ ಖಾಲಿ, ನಾನು ಉದಾಸೀನ ಮಾಡಿ ಬಿಟ್ಟುಬಿಟ್ಟೆ. ಆ ಹನ್ನೆರಡೂ ಚೆನ್ನಾಗಿಯೇ ಇವೆ! ನುಸಿ ಇಲ್ಲ ಅಂತಲ್ಲ, ಇದೆ, ಅಲ್ಲೊಂದು ಇಲ್ಲೊಂದು. ಅದೇ ಬೀಜ, ಅದೇ ನೀರು.

ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ತಂದೆ, ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಒಂದು ಸ್ಟೀಲ್ ತಟ್ಟೆಗೆ ಒದ್ದೆ ಹತ್ತಿ ಹಾಸಿ, ಮೇಲೆ ಒಂದು ಒಳ್ಳೆ ಬೆಂಡೆ ಎಲೆ ಕವುಚಿ ಇಟ್ಟೆ. ಸುತ್ತ ಒದ್ದೆ ಇದ್ದರೆ ನುಸಿ ದಾಟಿ ಹೋಗುವುದು ಕಷ್ಟ. ಎಲೆಯ ಒಂದು ಅರ್ಧಕ್ಕೆ ಅದೇ ತೆಳು ಸೈಪರ್‌ಮೆತ್ರಿನ್ ನೀರನ್ನು ಬ್ರಷ್ಷಿನಲ್ಲಿ ಸವರಿ ಒಣಗಲು ಬಿಟ್ಟೆ. ಇನ್ನೊಂದು ಅರ್ಧ ಹಾಗೇ. ಆಮೇಲೆ ಬಣ್ಣ ಹಚ್ಚುವ ಸಪೂರ ಬ್ರಷ್ಷಿನಿಂದ ಹತ್ತು ದೊಡ್ಡ ನುಸಿಗಳನ್ನು ಮದ್ದು ಇರುವ ಬದಿಗೇ ಬಿಟ್ಟೆ.

ಸಾಯುತ್ತವೆ ಅಂದುಕೊಂಡಿದ್ದೆ. ಒಂದೂ ಸಾಯಲಿಲ್ಲ ಮಾರಾಯ್ರೆ! ಸುಮ್ನೆ ಎಲೆಗೆ ಮೂತಿ ಇಟ್ಟು ಕೂರುವ ಜಂತು ಅದು, ಇಲ್ಲಿ ಕೂರಲೇ ಇಲ್ಲ. ನಡೆದದ್ದೇ ನಡೆದದ್ದು. ಮುಂದಿನ ಎರಡು ಕಾಲು ಎತ್ತಿ ಎತ್ತಿ ಇಡುವುದು, ಬಿಸಿ ನೆಲದ ಮೇಲೆ ಬರಿಗಾಲಲ್ಲಿ ನಡೆದ ಹಾಗೆ. ಮಧ್ಯದ ನರ ದಾಟಿ ಆಚೆ ಹೋದದ್ದು ಮಾತ್ರ ನಿಂತಿತು. ಅಲ್ಲಿಂದ ತಿರುಗಿ ಗಡಿಯ ತನಕ ಬರುವುದು, ಕಾಲು ತಾಗಿಸುವುದು, ಹಿಂದೆ ಹೋಗುವುದು. ಸಂಜೆಗೆ ಒಂದೆರಡು ಬಿಟ್ಟು ಉಳಿದವೆಲ್ಲ ಮದ್ದಿಲ್ಲದ ಬದಿಗೆ. ಮರುದಿನ ಅಲ್ಲಿ ಮೊಟ್ಟೆ. ಗಾಜಿನ ಮಣಿ ಹಾಗೆ, ದುಂಡಗೆ.

ನನಗೆ ಅನ್ನಿಸುವುದು ಇಷ್ಟು. ತೆಳು ಮದ್ದು ನುಸಿಯನ್ನು ಕೊಲ್ಲುವುದಿಲ್ಲ, ಒಕ್ಕಲೆಬ್ಬಿಸುತ್ತದೆ. ಒಂದೇ ಎಲೆಯಲ್ಲಿ ಗುಂಪಾಗಿ ಇದ್ದದ್ದು ಹತ್ತು ಎಲೆಗೆ ಹಂಚಿಹೋಗುತ್ತದೆ. ಆ ಹತ್ತರಲ್ಲೂ ಹೊಸ ಸಂಸಾರ. ನಾನೇ ದುಡ್ಡು ಕೊಟ್ಟು ಅವುಗಳನ್ನು ಇಡೀ ಗದ್ದೆಗೆ ಹಂಚಿದೆ. ಯಾರಿಗಾದರೂ ಇಂಥ ಅನುಭವ ಇದೆಯಾ?

ನೀರ್ಚಾಲು ಭಾವ:
ಭಾವ, ಆ ಸ್ಟೀಲ್ ತಟ್ಟೆ ಊಟದ್ದು ಅಲ್ಲ ತಾನೆ?

ಪೆರ್ಲದ ತೋಟಿಗ:
ಊಟದ್ದೇ. ಈಗ ಅಲ್ಲ. ಮನೆಯಲ್ಲಿ ಒಂದು ದೊಡ್ಡ ಮಾತುಕತೆ ಆಗಿ ಅದೀಗ ಹಟ್ಟಿಯ ಅಟ್ಟದಲ್ಲಿದೆ.

ಗೊಬ್ಬರದಂಗಡಿ:
ಅಂಗಡಿ ಕಡೆಯಿಂದ ಒಂದು ಮಾತು. ಎಲ್ಲರೂ ಕೊನೆಗೆ ಬೈಯುವುದು ನಮ್ಮನ್ನೇ, ಅದಕ್ಕೆ ಹೇಳುತ್ತೇನೆ. ಬಾಟಲಿ ಮೇಲೆ ಎಷ್ಟು ಅಂತ ಬರೆದಿರುತ್ತದೆ. ಯಾವ ಬೆಳೆಗೆ, ಎಷ್ಟು ನೀರಿಗೆ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು, ಎಲ್ಲ ಇದೆ. ಅಕ್ಷರ ಸಣ್ಣದು, ಒಪ್ಪುತ್ತೇನೆ. ಆದರೆ ಯಾರೂ ಓದುವುದಿಲ್ಲ. ಒಬ್ಬರು ಮುಚ್ಚಳದಲ್ಲಿ, ಒಬ್ಬರು ಚಮಚದಲ್ಲಿ, ಇನ್ನೊಬ್ಬರು ಅಂದಾಜಿನಲ್ಲಿ. ಕಮ್ಮಿ ಹಾಕಿದರೆ ಕಮ್ಮಿ ವಿಷ ಅಂತ ಲೆಕ್ಕ. ಮತ್ತೆ ಬಂದು ಮದ್ದು ಡೂಪ್ಲಿಕೇಟ್ ಅಂತ ಹೇಳುತ್ತಾರೆ. ಇನ್ನೊಂದು, ನುಸಿಗೆ ಕೊಡುವ ಮದ್ದೇ ಬೇರೆ, ಹುಳಕ್ಕೆ ಕೊಡುವುದೇ ಬೇರೆ. ನೀವು ಬಿಟ್ಟ ಎರಡರಲ್ಲಿ ಒಂದೂ ಜೇಡ ನುಸಿಯ ಮದ್ದಲ್ಲ. ಪೂರ್ತಿ ಡೋಸ್ ಹಾಕಿ, ಸರಿಯಾದ ಮದ್ದು ಹಾಕಿ, ನುಸಿ ಸಾಯುತ್ತದೆ. ಇಷ್ಟೇ ವಿಷಯ.

ಪೆರ್ಲದ ತೋಟಿಗ:
ಅಣ್ಣ, ನೀವು ಹೇಳಿದ್ದು ಅರ್ಧ ಸರಿ. ನಾನು ಓದಲಿಲ್ಲ, ತಪ್ಪು ನನ್ನದೇ. ಆದರೆ ಒಂದು ಪ್ರಶ್ನೆ. ನಾನು ಪೂರ್ತಿ ಡೋಸ್ ಹಾಕಿದೆ ಅಂತ ಇಟ್ಟುಕೊಳ್ಳಿ. ಮೊದಲ ದಿನ ಪೂರ್ತಿ. ಬಿಸಿಲಿಗೆ, ಇಬ್ಬನಿಗೆ, ಸ್ಪ್ರಿಂಕ್ಲರ್ ನೀರಿಗೆ ದಿನಾ ಸ್ವಲ್ಪ ಸ್ವಲ್ಪ ಹೋಗುತ್ತದಲ್ಲ? ವಾರ ಕಳೆದರೆ ಎಲೆ ಮೇಲೆ ಉಳಿಯುವುದು ಅರ್ಧ, ಮತ್ತೆ ಕಾಲು. ಮೊಟ್ಟೆಯೊಳಗೆ ಇದ್ದ ಮರಿ ಹೊರಗೆ ಬರುವುದು ಅದೇ ಹೊತ್ತಿಗೆ. ಅದಕ್ಕೆ ಸಿಗುವುದು ತೆಳು ಮದ್ದೇ. ಎಷ್ಟೇ ಗಟ್ಟಿ ಹಾಕಿದರೂ ಒಂದು ದಿನ ತೆಳು ಆಗಿಯೇ ಆಗುತ್ತದೆ ಅಂತಾಯಿತು, ಅಲ್ವಾ?

ಪಂಪಿನವ:
ನಾನು ಮದ್ದು ಬಿಡುವ ಕೆಲಸದವ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ), ಬೇಸಗೆಯಲ್ಲಿ ತರಕಾರಿಗೆ ಕರೆದರೆ ಹೋಗುತ್ತೇನೆ. ಒಂದು ಸತ್ಯ ಹೇಳುತ್ತೇನೆ, ಯಾರೂ ಬೇಜಾರು ಮಾಡಬೇಡಿ. ನೀವು ಡೋಸ್ ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಎಲೆಯ ಅಡಿಗೆ ಎಷ್ಟು ಬಿತ್ತು ಎನ್ನುವುದು ಮುಖ್ಯ. ನುಸಿ ಇರುವುದು ಅಡಿಯಲ್ಲಿ. ನಾವು ನಿಂತು ಬಿಡುವುದು ಮೇಲಿನಿಂದ. ಮೇಲೆ ಚೆನ್ನಾಗಿ ಒದ್ದೆ, ನೀರು ತೊಟ್ಟಿಕ್ಕುತ್ತದೆ, ನೋಡುವವರಿಗೆ ಭಾರೀ ಸಮಾಧಾನ. ಅಡಿಯಲ್ಲಿ ಮಂಜು ತಾಗಿದಷ್ಟು. ನಳಿಗೆಯ ಮೂತಿ ಮೇಲ್ಮುಖ ಮಾಡಿ, ಗಿಡದ ಬುಡದಿಂದ ಎತ್ತಿ ಬಿಡಬೇಕು. ಬೆನ್ನು ನೋವು ಬರುತ್ತದೆ, ಹೊತ್ತು ಎರಡರಷ್ಟು ಹಿಡಿಯುತ್ತದೆ. ದಿನದ ಸಂಬಳಕ್ಕೆ ಕರೆದವರು ಹೊತ್ತು ಹಿಡಿಯಲು ಬಿಡುವುದಿಲ್ಲ.

ಇನ್ನೂ ಒಂದು. ಕೆಲವರು ಬೋರ್ಡೋಗೇ ಬೇರೆ ಕೀಟದ ಮದ್ದು ಬೆರೆಸು, ಒಂದೇ ಖರ್ಚಲ್ಲಿ ಆಗಲಿ ಅನ್ನುತ್ತಾರೆ. ಸುಣ್ಣದ ನೀರಿಗೆ ಬಿದ್ದರೆ ಎಷ್ಟೋ ಮದ್ದು ಡ್ರಮ್ಮಿನಲ್ಲೇ ಸತ್ತುಹೋಗುತ್ತದೆ ಅಂತ ನನಗೆ ಹಿಂದೆ ಒಬ್ಬ ಸಾರ್ ಹೇಳಿದ್ದರು.

ಪುಸ್ತಕದ ಹುಳ:
ಪಂಪಿನವರು ಹೇಳಿದ್ದು ಸರಿ. ಮೆಲಾಥಿಯಾನ್, ಡೈಮಿಥೋಯೇಟ್ ತರಹದ ರಂಜಕದ ಗುಂಪಿನ ಮದ್ದುಗಳು ಸುಣ್ಣದ ಕ್ಷಾರಕ್ಕೆ ಒಡೆದುಹೋಗುತ್ತವೆ. ಪೂರ್ತಿ ಡೋಸ್ ಹಾಕಿದೆ ಅಂದುಕೊಂಡವರೂ ತೆಳು ಮದ್ದೇ ಬಿಟ್ಟಿರುತ್ತಾರೆ.

ನಾನು ಕೀಟಶಾಸ್ತ್ರ ಓದುತ್ತಿರುವವಳು, ಊರು ಮುಳ್ಳೇರಿಯ. ತೋಟಿಗ ಅಣ್ಣ ಬರೆದದ್ದು ಓದಿ ನನಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ, ಯಾಕೆಂದರೆ ಊಟದ ತಟ್ಟೆಯಲ್ಲಿ ಮಾಡಿದ ಈ ಕೆಲಸವನ್ನು ನಮ್ಮ ಲ್ಯಾಬಿನಲ್ಲಿ ಪೆಟ್ರಿ ಡಿಷ್‌ನಲ್ಲಿ ಮಾಡುತ್ತೇವೆ, ಒದ್ದೆ ಹತ್ತಿ, ಎಲೆ ತುಂಡು, ಸಪೂರ ಬ್ರಷ್ಷು, ಎಲ್ಲ ಇದೇ.

ಮೊದಲು ನುಸಿ ಕೀಟ ಅಲ್ಲ. ಕೀಟಕ್ಕೆ ಆರು ಕಾಲು, ದೊಡ್ಡ ನುಸಿಗೆ ಎಂಟು, ಜೇಡದ ನೆಂಟ. (ಮೊಟ್ಟೆಯಿಂದ ಬಂದ ಮರಿಗೆ ಮಾತ್ರ ಆರು, ಭೂತಗನ್ನಡಿ ಇದ್ದವರು ನೋಡಬಹುದು.) ಹಾಗಾಗಿ ಕೀಟಕ್ಕೆ ಮಾಡಿದ ಎಷ್ಟೋ ಮದ್ದು ಇದಕ್ಕೆ ತಾಗುವುದೇ ಇಲ್ಲ. ಇಮಿಡಾಕ್ಲೋಪ್ರಿಡ್ ಅಂಥದ್ದು. ಬೆಂಡೆಯಲ್ಲಿ ಸಾಮಾನ್ಯವಾಗಿ ಬರುವುದು ಟೆಟ್ರಾನಿಕಸ್ ಜಾತಿಯವು. ನಮ್ಮ ಬೇಸಗೆಯ ಸೆಕೆಗೆ ಮೊಟ್ಟೆಯಿಂದ ಮೊಟ್ಟೆ ಇಡುವವರೆಗೆ ವಾರದಿಂದ ಹತ್ತು ದಿನ ಸಾಕು. ಒಂದು ಹೆಣ್ಣು ಸುಮಾರು ನೂರು ಮೊಟ್ಟೆ ಇಡಬಲ್ಲದು. ಗಂಡಿನ ಜತೆ ಸೇರದಿದ್ದರೂ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯೆಲ್ಲ ಗಂಡಾಗುತ್ತವೆ. ಹಾಗಾಗಿ ಒಂದೇ ಒಂದು ಹೆಣ್ಣು ಹೊಸ ಎಲೆಗೆ ಹೋಗಿ ಬಿದ್ದರೂ ಸಂಸಾರ ಶುರು.

ಈಗ ಅಣ್ಣ ನೋಡಿದ ನಡಿಗೆ. ಪೈರೆಥ್ರಾಯ್ಡ್‌ಗಳು ನರದ ಮದ್ದು. ನರದಲ್ಲಿ ಸೋಡಿಯಂ ಹೋಗಿಬರುವ ಬಾಗಿಲು ಇರುತ್ತದೆ, ಅದು ಸರಿಯಾಗಿ ಮುಚ್ಚದ ಹಾಗೆ ಮಾಡುತ್ತವೆ. ಜಾಸ್ತಿ ಬಿದ್ದರೆ ಸೆಳೆತ ಬಂದು ಸಾವು. ಕಮ್ಮಿ ಬಿದ್ದರೆ ಚಡಪಡಿಕೆ. ತಿನ್ನುವುದನ್ನು ಬಿಟ್ಟು ನಡೆಯುತ್ತವೆ, ಎಲೆಯ ಅಂಚಿಗೆ ಬರುತ್ತವೆ, ನೂಲು ಬಿಟ್ಟು ಕೆಳಗೆ ಇಳಿಯುತ್ತವೆ, ಗಾಳಿ ಬಂದರೆ ಹಾರುತ್ತವೆ. ಇದು 1980ರ ದಶಕದಲ್ಲೇ ಸೇಬಿನ ತೋಟಗಳಲ್ಲಿ ಚೆನ್ನಾಗಿ ಚರ್ಚೆ ಆದ ವಿಷಯ, ಪೈರೆಥ್ರಾಯ್ಡ್ ಬಂದ ಮೇಲೆ ಜೇಡ ನುಸಿ ಯಾಕೆ ಉಕ್ಕುತ್ತದೆ ಅಂತ. ಗುಂಪು ಒಡೆದು ಹರಡಿದಾಗ ಒಂದೊಂದು ಹೆಣ್ಣಿಗೂ ಹೊಸ ಎಲೆ, ತಿನ್ನಲು ಧಾರಾಳ, ಜಗಳಕ್ಕೆ ಯಾರೂ ಇಲ್ಲ. ಅಣ್ಣ ಹೇಳಿದ "ಹೊಸ ಸಂಸಾರ" ಅಂದರೆ ಇದೇ.

ಇದಕ್ಕಿಂತ ಹಳೆಯ ಕಥೆ ಡಿಡಿಟಿಯದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಣ್ಣಿನ ತೋಟಗಳಿಗೆ ಡಿಡಿಟಿ ಬಂತು. ಅದುವರೆಗೆ ಲೆಕ್ಕಕ್ಕೇ ಇಲ್ಲದ ಜೇಡ ನುಸಿ ಆಮೇಲೆ ದೊಡ್ಡ ಪೀಡೆ ಆಯಿತು.

ನೀರ್ಚಾಲು ಭಾವ:
ನನಗೊಂದು ಸಂಶಯ. ಮಾರ್ಚ್ ಏಪ್ರಿಲ್ ಅಂದರೆ ಹೇಗೂ ನುಸಿಯ ಕಾಲ. ಸೆಕೆ, ಧೂಳು, ಮಳೆ ಇಲ್ಲ. ಮದ್ದು ಬಿಡದಿದ್ದರೂ ಬರುತ್ತಿತ್ತು. ಮತ್ತೆ ಆ ಹನ್ನೆರಡು ಬುಡ ಹಟ್ಟಿಯ ಪಕ್ಕ ಅಂದಿರಿ. ಹಟ್ಟಿಯ ಮಾಡಿನ ನೆರಳು ಬೀಳುವುದಿಲ್ಲವಾ ಅಲ್ಲಿ? ಸಗಣಿ ನೀರು ಹರಿಯುವುದಿಲ್ಲವಾ? ಒಂದು ತಟ್ಟೆ ನೋಡಿ ಇಡೀ ಗದ್ದೆಯ ತೀರ್ಪು ಕೊಡಬೇಡಿ ಭಾವ.

ಪೆರ್ಲದ ತೋಟಿಗ:
ಇದಕ್ಕೆ ಉತ್ತರ ಇಲ್ಲ ನನ್ನಲ್ಲಿ. ಮೂರು ಗಂಟೆ ಮೇಲೆ ನೆರಳು ಬೀಳುತ್ತದೆ. ನಿಜ.

ಪುಸ್ತಕದ ಹುಳ:
ಭಾವ ಕೇಳಿದ್ದು ನ್ಯಾಯ. ಅಣ್ಣ, ಇನ್ನೊಂದು ತಪ್ಪೂ ಇದೆ. ನೀವು ಒಂದು ಬದಿಗೆ ಮದ್ದಿನ ನೀರು ಸವರಿದಿರಿ, ಇನ್ನೊಂದಕ್ಕೆ ಏನೂ ಸವರಲಿಲ್ಲ. ಬ್ರಷ್ಷು ತಾಗಿದ್ದಕ್ಕೋ ಒದ್ದೆ ಆದದ್ದಕ್ಕೋ ನುಸಿ ಓಡಿದ್ದಾದರೆ? ಇನ್ನೊಂದು ತಟ್ಟೆ ಮಾಡಿ. ಒಂದು ಅರ್ಧಕ್ಕೆ ಬರೀ ನೀರು ಸವರಿ, ಇನ್ನೊಂದು ಅರ್ಧ ಹಾಗೇ. ಅದರಲ್ಲಿ ನುಸಿ ಎರಡೂ ಬದಿ ಆರಾಮಾಗಿ ಕೂತರೆ ನಿಮ್ಮ ಮಾತಿಗೆ ಬಲ. ಕೈಗವಸು ಹಾಕಿ ಪ್ಲೀಸ್. ಮತ್ತೆ ಬೇರೆ ತಟ್ಟೆ.

ಅಲಸಂದೆ ಅಕ್ಕ:
ನಾನು ಬಾಯಾರಿನ ಕಡೆ. ಅಲಸಂದೆ, ಹಾಗಲ, ಬದನೆ ಬೆಳೆದು ವಾರಕ್ಕೆರಡು ಸಲ ಉಪ್ಪಳಕ್ಕೆ ಕೊಡುತ್ತೇನೆ. ಪುಸ್ತಕದ ಮಾತು ನನಗೆ ಅಷ್ಟು ತಿಳಿಯುವುದಿಲ್ಲ. ಆದರೆ ಒಂದು ನೋಡಿದ್ದೇನೆ. ಬದನೆಗೆ ಹುಳದ ಮದ್ದು ಬಿಟ್ಟ ಮರುದಿನ ಬೆಳಿಗ್ಗೆ, ಬಿಸಿಲು ಓರೆಯಾಗಿ ಬೀಳುವಾಗ, ಎಲೆಯಿಂದ ಎಲೆಗೆ ಸಪೂರ ನೂಲು ಹೊಳೆಯುತ್ತದೆ. ಮೊದಲು ಇರುವುದಿಲ್ಲ. ನಾನು ಅದು ಸಾಮಾನ್ಯ ಜೇಡದ್ದು ಅಂದುಕೊಂಡು ಕೈಯಲ್ಲಿ ಒರಸಿ ಬಿಡುತ್ತಿದ್ದೆ. ಕೈಗೆ ಕೆಂಪು ಹತ್ತುತ್ತಿತ್ತು. ಅದು ನುಸಿಯೇ ಇಳಿಯುತ್ತಿದ್ದದ್ದಾ?

ಇನ್ನೊಂದು ಕೇಳುವುದಿತ್ತು. ನಾನು ಈಗ ಜಾಸ್ತಿ ಬೇವಿನ ಎಣ್ಣೆಯೇ ಬಿಡುವುದು. ತೆಂಗಿನ ಮಂಡರಿಗೆ (ಕಾಯಿಗೆ ಬರುವ ನುಸಿ) ಅಂತ ಮೊದಲು ಹೇಳಿಕೊಟ್ಟದ್ದು, ಒಂದು ಲೀಟರಿಗೆ 20 ಮಿಲಿ ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿ ಅರೆದ ರಸ, 5 ಗ್ರಾಂ ಬಟ್ಟೆ ಸಾಬೂನು. ಅದು ತೆಳು ಆದರೂ ಹೀಗೇ ಹರಡುತ್ತದಾ?

ಪುಸ್ತಕದ ಹುಳ:
ಅಕ್ಕ, ಕೈಗೆ ಕೆಂಪು ಹತ್ತಿದ್ದರೆ ಹೆಚ್ಚಾಗಿ ಹೌದು. ಜೇಡ ನುಸಿ ಎನ್ನುವ ಹೆಸರು ಬಂದದ್ದೇ ಆ ನೂಲಿನಿಂದ.

ಬೇವಿನದ್ದು ಬೇರೆ ತರಹ. ಬೇವಿನಲ್ಲಿರುವ ಅಜಾಡಿರಾಕ್ಟಿನ್‌ಗೂ ನುಸಿಯನ್ನು ದೂರ ಇಡುವ ಗುಣ ಇದೆ, ಆದ್ದರಿಂದ ಸರಿಯುವುದು ಅದರಲ್ಲೂ ಇದೆ. ಆದರೆ ಜತೆಗೆ ತಿನ್ನುವುದು ಕಮ್ಮಿ ಆಗುತ್ತದೆ, ಮೊಟ್ಟೆಯೂ ಕಮ್ಮಿ. ಎಣ್ಣೆ ಮೈಗೆ ಮೆತ್ತಿಕೊಂಡರೆ ಉಸಿರು ಕಟ್ಟುವುದು ಬೇರೆ.

ಎಲ್ಲಾ ಮದ್ದೂ ತೆಳುವಾದರೆ ನುಸಿ ಹೆಚ್ಚುತ್ತದೆ ಅಂತ ಯಾರೂ ತಿಳಿಯಬೇಡಿ. ಅಬಾಮೆಕ್ಟಿನ್, ಸ್ಪೈರೋಮೆಸಿಫೆನ್ ತರಹದ ನುಸಿಯದ್ದೇ ಮದ್ದುಗಳಲ್ಲಿ ಕೊಲ್ಲದಷ್ಟು ಕಮ್ಮಿ ತಾಗಿದರೂ ಹೆಣ್ಣು ಇಡುವ ಮೊಟ್ಟೆ ಇಳಿಯುತ್ತದೆ. ಮದ್ದು ನೋಡಿ ಹೇಳಬೇಕು, ಒಟ್ಟಾರೆ ಹೇಳಿದರೆ ತಪ್ಪಾಗುತ್ತದೆ.

ಇಮಿಡಾಕ್ಲೋಪ್ರಿಡ್ ಕಥೆ ಎಲ್ಲಕ್ಕಿಂತ ಮಜಾ. 2002ರಲ್ಲಿ ಅಮೆರಿಕದ ಇಬ್ಬರು ಬರೆದರು, ಇದು ತಾಗಿದ ಜೇಡ ನುಸಿ ಜಾಸ್ತಿ ಮೊಟ್ಟೆ ಇಡುತ್ತದೆ ಅಂತ. 2004ರಲ್ಲಿ ಇನ್ನೊಂದು ತಂಡ ಮಾಡಿ ನೋಡಿ, ಹಾಗೇನೂ ಇಲ್ಲ ಅಂದಿತು. ಆಮೇಲೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಎಲ್ಮ್ ಮರಗಳಿಗೆ ಕೊರಕ ದುಂಬಿಯ ಭಯಕ್ಕೆ ಇದನ್ನೇ ಕೊಟ್ಟರು, ಮರಗಳಲ್ಲಿ ಜೇಡ ನುಸಿ ಉಕ್ಕಿತು. ಅದರ ಲೆಕ್ಕ 2011ರಲ್ಲಿ ಬಂತು. ಒಂದು, ನುಸಿ ತಿನ್ನುವ ಹುಳಗಳಿಗೆ ಪೆಟ್ಟು. ಇನ್ನೊಂದು, ಮದ್ದು ಕುಡಿದ ಮರದ ಎಲೆ ತಿಂದ ನುಸಿ ಜಾಸ್ತಿ ಮೊಟ್ಟೆ ಇಟ್ಟಿತು. ಎರಡು ವರ್ಷ ಬಿಟ್ಟು ಹತ್ತಿ, ಟೊಮೆಟೊ, ಜೋಳದಲ್ಲೂ ನೋಡಿದರು. ಈ ಗುಂಪಿನ ಮದ್ದು ಗಿಡದ ಒಳಗೆ ಹೋಗಿ ಗಿಡದ್ದೇ ಸ್ವಂತ ಕಾವಲನ್ನು ಬದಲಿಸುತ್ತದೆ ಅಂತ ಕಂಡಿತು. ಅಂದರೆ ಅಲ್ಲಿ ಮದ್ದು ಕೆಲಸ ಮಾಡಿದ್ದು ನುಸಿಯ ಮೇಲಲ್ಲ, ಗಿಡದ ಮೇಲೆ!

ಸ್ವಲ್ಪ ವಿಷ ಸಿಕ್ಕಾಗ ಜೀವಿ ಕುಗ್ಗುವ ಬದಲು ಕೆರಳುವುದಕ್ಕೆ ಹಾರ್ಮೊಲಿಗೋಸಿಸ್ ಎನ್ನುವ ಹೆಸರು ಹಿಂದಿನಿಂದಲೂ ಇದೆ. ಪರೀಕ್ಷೆಗೆ ಬರುವ ಪ್ರಶ್ನೆ, ಅದಕ್ಕೇ ನೆನಪು.

ಗೊಬ್ಬರದಂಗಡಿ:
ಹಾಗಾದರೆ ಇಮಿಡಾ ಮಾರುವುದೇ ಬೇಡ ಅಂತೀರಾ?

ಪುಸ್ತಕದ ಹುಳ:
ಹಾಗಲ್ಲ ಮಾವ. ಜಿಗಿಹುಳಕ್ಕೆ ಅದು ಕೆಲಸ ಮಾಡುತ್ತದೆ, ಅಣ್ಣನ ಗದ್ದೆಯಲ್ಲೂ ಮಾಡಿದೆ. ಅದನ್ನು ಕೊಟ್ಟ ಮೇಲೆ ಎರಡು ವಾರ ಎಲೆ ತಿರುಗಿಸಿ ನೋಡುತ್ತಾ ಇರಿ ಅಂತ ಗಿರಾಕಿಗೆ ಒಂದು ಮಾತು ಹೇಳಿದರೆ ಸಾಕು. ಮತ್ತೆ ನುಸಿ ಕಂಡ ಗಿಡಕ್ಕೆ ಪೈರೆಥ್ರಾಯ್ಡ್ ಕೊಡಬೇಡಿ.

ಮುಳ್ಳೇರಿಯ ಅಜ್ಜ:
ಮಕ್ಕಳೇ, ಓದುತ್ತಾ ಇದ್ದೇನೆ, ಮೊಮ್ಮಗ ಟೈಪ್ ಮಾಡುತ್ತಿದ್ದಾನೆ. ತೆಳು, ಸ್ವಲ್ಪ, ತಾಗಿದಷ್ಟು ಅನ್ನುವ ಮಾತು ಈ ಊರಲ್ಲಿ ಹೊಸದಲ್ಲ. ಗೇರುತೋಟದ ಮೇಲೆ ಹೆಲಿಕಾಪ್ಟರ್ ಬಂದು ಎಂಡೋಸಲ್ಫಾನ್ ಬಿಡುತ್ತಿದ್ದ ಕಾಲದಲ್ಲಿ ನಾನು ಗಟ್ಟಿ ಆಳು. ಗೇರಿನ ಟೀ ಸೊಳ್ಳೆ ಎನ್ನುವ ಕೀಟಕ್ಕೆ ಅಂತ. ಬಾವಿಗೆ ಅಡಿಕೆ ಸೋಗೆ ಮುಚ್ಚಿ ಅಂದರು, ಮುಚ್ಚಿದೆವು. ಗಾಳಿಯಲ್ಲಿ ಬಂದದ್ದು ಸ್ವಲ್ಪವೇ, ಏನೂ ಆಗುವುದಿಲ್ಲ ಅಂದರು. 2000ದಲ್ಲಿ ನಿಂತಿತು, ದೇಶಕ್ಕೇ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಆ ಹೊತ್ತಿಗೆ ಜೇನು ಪೆಟ್ಟಿಗೆ ಖಾಲಿ ಆದದ್ದು ನನಗೆ ನೆನಪಿದೆ. ನುಸಿ ಆಗ ಎಷ್ಟಿತ್ತು ಅಂತ ಯಾರೂ ನೋಡಲಿಲ್ಲ.

ಅಲಸಂದೆ ಅಕ್ಕ:
ಅಜ್ಜ, ನಮಸ್ಕಾರ. ನಮ್ಮ ಅಮ್ಮನೂ ಸೋಗೆ ಮುಚ್ಚಿದ ಕಥೆ ಹೇಳುತ್ತಾರೆ.

ಪಂಪಿನವ:
ಅಜ್ಜ ಗಾಳಿ ಅಂದದ್ದಕ್ಕೆ ನೆನಪಾಯಿತು. ಪಕ್ಕದ ತೋಟದವರು ಬಿಟ್ಟದ್ದು ನಿಮ್ಮ ತರಕಾರಿಗೆ ಬೀಳುತ್ತದೆ. ಅದೂ ತೆಳು ಡೋಸೇ. ನೀವು ಒಂದು ಹನಿ ಬಿಡದೆ ನನ್ನದು ಸಾವಯವ ಅಂತ ಕೂತಿದ್ದರೂ. ಗಾಳಿ ಇರುವಾಗ ಬಿಡಬಾರದು ಅಂತ ನನಗೆ ಗೊತ್ತು, ಬಿಡು ಅಂತ ಹೇಳುವವರಿಗೂ ಗೊತ್ತು.

ನೀರ್ಚಾಲು ಭಾವ:
ಅಡಿಕೆ ಸಸಿಯ ವಿಷಯ ಯಾರೂ ಎತ್ತಲಿಲ್ಲ. ನನ್ನ ನರ್ಸರಿಯಲ್ಲಿ ಎರಡು ವರ್ಷದ ಸಸಿಯ ಎಲೆ ಅಡಿಯಲ್ಲಿ ಕೆಂಪು ನುಸಿ. ಬಲೆ ಇಲ್ಲ. ಎಲೆ ಹಿತ್ತಾಳೆ ಬಣ್ಣಕ್ಕೆ ತಿರುಗಿದೆ. ಇದೂ ಅದೇ ಜಾತಿಯಾ?

ಪುಸ್ತಕದ ಹುಳ:
ಬೇರೆ. ಅದು ರಾವೊಯೆಲ್ಲಾ ಇಂಡಿಕಾ, ಬಲೆ ಕಟ್ಟುವುದಿಲ್ಲ. 1924ರಲ್ಲಿ ಕೊಯಮತ್ತೂರಿನ ತೆಂಗಿನ ಎಲೆಯಿಂದ ಹಿಡಿದು ಹೆಸರಿಟ್ಟದ್ದು. ನಮ್ಮ ಊರಿನದ್ದೇ ಜಂತು, 2004ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ ಅಲ್ಲಿ ತೆಂಗು ಬಾಳೆಗೆ ಹಾವಳಿ ಕೊಟ್ಟಿತು. ಭೂತಗನ್ನಡಿ ಹಿಡಿದರೆ ಬೆನ್ನ ಮೇಲೆ ಉದ್ದ ಕೂದಲು, ತುದಿಯಲ್ಲಿ ಒಂದೊಂದು ಹನಿ ಕಾಣುತ್ತದೆ, ನೋಡಿ. ಚಂದ ಇದೆ ನಿಜ ಹೇಳಬೇಕೆಂದರೆ. ಅಡಿಕೆಯಲ್ಲಿ ಬಿಳಿ ನುಸಿ ಅಂತ ಇನ್ನೊಂದು ಇದೆ, ಅದು ಬಲೆ ಕಟ್ಟುತ್ತದೆ.

ಭಾವ, ಮದ್ದು ತರುವ ಮೊದಲು ಒಂದು ಕೆಲಸ ಮಾಡಿ. ಆ ಎಲೆಯಲ್ಲೇ ಗುಂಡುಸೂಜಿಯ ತಲೆಯಷ್ಟು ದೊಡ್ಡ ಕಪ್ಪು ದುಂಬಿ ಇದೆಯಾ ಹುಡುಕಿ. ಸ್ಟೆಥೋರಸ್ ಅಂತ, ಗುಲಗಂಜಿ ಹುಳದ ಮನೆತನ. ಅದರ ಊಟವೇ ನುಸಿ. ನಮ್ಮ ಅಡಿಕೆಯಲ್ಲಿ ಸಿಕ್ಕುವ ಒಂದು ಜಾತಿಗೆ ಕೇರಳದ ಹೆಸರೇ ಇದೆ, ಸ್ಟೆಥೋರಸ್ ಕೆರಾಲಿಕಸ್. ಮತ್ತೆ ನುಸಿ ತಿನ್ನುವ ನುಸಿಯೂ ಇದೆ. ಹನಿಯ ಆಕಾರ, ತೆಳು ಕಿತ್ತಳೆ ಅಥವಾ ಬಿಳಿ, ಮೈ ಹೊಳೆಯುತ್ತದೆ. ಗುರುತು ಸುಲಭ. ಎಲೆ ತಿನ್ನುವ ನುಸಿ ನಿಧಾನ, ಇದು ಓಡುತ್ತದೆ.

ತೆಳು ಮದ್ದಿನ ದೊಡ್ಡ ಪೆಟ್ಟು ಬೀಳುವುದು ಇವಕ್ಕೆ. ಸಾಯದೆ ಉಳಿದರೂ ಎಷ್ಟೋ ಮದ್ದಿನಲ್ಲಿ ಇವುಗಳ ಓಡಾಟ ಕೆಡುತ್ತದೆ, ಊಟ ಕಮ್ಮಿ ಮಾಡುತ್ತವೆ, ಎಲೆ ಬಿಟ್ಟು ಹೋಗುತ್ತವೆ. ನುಸಿ ತಿಂದ ಗಿಡ ಒಂದು ತರಹದ ವಾಸನೆ ಬಿಡುತ್ತದೆ, ಆ ವಾಸನೆ ಹಿಡಿದು ಇವು ಬರುತ್ತವೆ. ಇದನ್ನು 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ತೋರಿಸಿದರು. ತೋಟಿಗ ಅಣ್ಣನ ಹನ್ನೆರಡು ಬುಡದಲ್ಲಿ ನುಸಿ ಇದ್ದೂ ಹೆಚ್ಚಾಗದೆ ಇರುವುದಕ್ಕೆ ನನ್ನ ಸಂಶಯ ಇವರ ಮೇಲೆ.

ನೀರ್ಚಾಲು ಭಾವ:
ಮತ್ತೆ ತೆಂಗಿನ ಮಂಡರಿ? ಅದಕ್ಕೂ ಇದೇ ಲೆಕ್ಕವಾ?

ಪುಸ್ತಕದ ಹುಳ:
ಅದು ಇನ್ನೂ ಸಣ್ಣದು, ನಾಲ್ಕೇ ಕಾಲು, ಹುಳದ ಹಾಗೆ ಉದ್ದ, ಮಿಲಿಮೀಟರಿನ ಐದನೇ ಒಂದು ಭಾಗ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1998ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ. ಮಿಡಿಯ ತೊಟ್ಟಿನ ಟೊಪ್ಪಿಯೊಳಗೆ ಕೂತಿರುತ್ತದೆ, ಮೇಲಿನಿಂದ ಬಿಟ್ಟದ್ದು ಒಳಗೆ ಹೋಗುವುದೇ ಕಷ್ಟ. ಅದಕ್ಕೇ ಬೇರಿನ ಮೂಲಕ ಬೇವಿನ ಮದ್ದು ಕುಡಿಸುವ ಪದ್ಧತಿ ಬಂದದ್ದು.

ಗೊಬ್ಬರದಂಗಡಿ:
ಒಂದು ಕೊನೆಯ ಪ್ರಶ್ನೆ ನನ್ನದು. ತೆಳು ಬೇಡ ಅಂದರೆ ಡಬಲ್ ಹಾಕುತ್ತಾರೆ ಜನ. ನಾಳೆಯೇ ಹಾಕುತ್ತಾರೆ, ನನಗೆ ಗೊತ್ತು ಇವರನ್ನು. ಅದಕ್ಕೆ ಏನು ಹೇಳುತ್ತೀರಿ?

ಪುಸ್ತಕದ ಹುಳ:
ಬೇಡ ಅಂತಲೇ ಹೇಳಿ ಮಾವ. ಡಬಲ್ ಹಾಕಿದರೆ ಉಳಿಯುವುದು ಯಾವುದು? ತಡೆಯುವ ಶಕ್ತಿ ಇರುವ ನುಸಿ. ಗಂಡು ನುಸಿಗೆ ತಂದೆಯೇ ಇಲ್ಲ, ತಾಯಿಯ ಕಡೆಯ ಜೀನಿನ ಒಂದೇ ಪ್ರತಿ. ಆ ಶಕ್ತಿ ಮರೆಯಲ್ಲಿ ಉಳಿಯುವ ತರಹದ್ದಾದರೂ ಗಂಡಿನಲ್ಲಿ ನೇರ ಹೊರಗೆ ಬರುತ್ತದೆ, ಹಾಗಾಗಿ ಬೇಗ ಹರಡುತ್ತದೆ. ಮದ್ದಿಗೆ ಒಗ್ಗಿಕೊಳ್ಳುವುದರಲ್ಲಿ ಜಗತ್ತಿನ ಪೀಡೆಗಳಲ್ಲಿ ಜೇಡ ನುಸಿ ಮೇಲಿನ ಸಾಲಿನಲ್ಲಿದೆ. ಮತ್ತೆ ತೋಟಿಗ ಅಣ್ಣ ಆಗಲೇ ಹೇಳಿದ್ದಾರಲ್ಲ, ಡಬಲ್ ಹಾಕಿದ್ದೂ ನಾಲ್ಕು ದಿನ ಹೆಚ್ಚು ತಡೆದು ತೆಳು ಆಗುತ್ತದೆ. ಅಷ್ಟರಲ್ಲಿ ದುಂಬಿ ಪೂರ್ತಿ ಹೋಗಿರುತ್ತದೆ.

ನೀವು ಹೇಳಿದ್ದೇ ಸರಿ: ನುಸಿಗೆ ನುಸಿಯದ್ದೇ ಮದ್ದು, ಬರೆದಷ್ಟೇ, ಎಲೆಯ ಅಡಿಗೆ. ಅದಕ್ಕೂ ಮೊದಲು ನೀರು. ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೇ ಎಷ್ಟೋ ತೊಳೆದುಹೋಗುತ್ತವೆ. ತುಂಬಾ ಹಾಳಾದ ಎಲೆ ಕಿತ್ತು ಚೀಲಕ್ಕೆ ಹಾಕಿ, ಗದ್ದೆಯಲ್ಲಿ ಎಳೆದುಕೊಂಡು ಹೋಗಬೇಡಿ.

ಪೆರ್ಲದ ತೋಟಿಗ:
ಐದು ದಿನ ಆಯಿತು, ವರದಿ ಕೊಡುತ್ತಿದ್ದೇನೆ. ಹೊಸ ತಟ್ಟೆ, ಪ್ಲಾಸ್ಟಿಕ್ಕಿನದ್ದು. ಕೈಗವಸು ಹಾಕಿದ್ದೇನೆ. ಎಲೆ ಮೂರು.

ಮೊದಲನೆಯದು ಬರೀ ನೀರು ಸವರಿದ್ದು. ನುಸಿ ಎರಡೂ ಬದಿಯಲ್ಲಿ ಕೂತಿವೆ, ನರದ ಪಕ್ಕ ಬಲೆ ಶುರು ಮಾಡಿವೆ, ಒಂದಕ್ಕೂ ಅವಸರ ಇಲ್ಲ. ಒಂದು ಕಡೆ ಸಪೂರ ಗಂಡೊಂದು, ಪೊರೆ ಬಿಡಲು ಅಲ್ಲಾಡದೆ ಕೂತ ಹೆಣ್ಣಿನ ಮೇಲೆ ಕಾಲಿಟ್ಟು ಕಾವಲು ಕೂತಿತ್ತು. ಬೆಳಿಗ್ಗೆ ನೋಡಿದ್ದು ಮಧ್ಯಾಹ್ನ ಉಂಡು ಬಂದಾಗಲೂ ಅಲ್ಲೇ.

ಎರಡನೆಯದು ಸೈಪರ್‌ಮೆತ್ರಿನ್. ಮೊದಲಿನ ಹಾಗೇ ನಡಿಗೆ, ಮೊದಲಿನ ಹಾಗೇ ಗಡಿ. ಈ ಸಲ ಎಲೆಯ ಅಂಚು ತಟ್ಟೆಯ ಹೊರಗೆ ಸ್ವಲ್ಪ ಬಾಗಿತ್ತು. ಅಲ್ಲಿಂದ ಎರಡು ನೂಲು ಬಿಟ್ಟು ಕೆಳಗೆ ನೇತಾಡುತ್ತಿದ್ದವು. ಉಸಿರು ಬಿಟ್ಟರೆ ತೂಗುತ್ತಿತ್ತು. ಅಲಸಂದೆ ಅಕ್ಕ ಹೇಳಿದ ನೂಲು ಇದೇ ಅಂತ ಈಗ ನಂಬಿಕೆ ಬಂತು.

ಮೂರನೆಯದು ಇಮಿಡಾಕ್ಲೋಪ್ರಿಡ್. ನಡಿಗೆಯಲ್ಲಿ ನನ್ನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಆರಾಮಾಗಿ ಕೂತು ತಿನ್ನುತ್ತಿವೆ. ಇದರಲ್ಲಿ ಮೊಟ್ಟೆ ಎಣಿಸಬೇಕು, ಅಲ್ವಾ ತಂಗಿ? ಎಣಿಸಲು ಕೂತೆ. ಕಣ್ಣು ನೀರು ಬಂತು.

ನೀರ್ಚಾಲು ಭಾವನ ನೆರಳಿನ ಮಾತು ಮರೆತಿಲ್ಲ. ಗದ್ದೆಯ ನಡುವೆ ಆರು ಬುಡಕ್ಕೆ ಇನ್ನು ಏನೂ ಬಿಡುವುದಿಲ್ಲ, ಆರಕ್ಕೆ ನೀರು ಮಾತ್ರ ಹೊಡೆಯುತ್ತೇನೆ. ಮತ್ತೆ ಹಟ್ಟಿಯ ಪಕ್ಕದ ಹನ್ನೆರಡರಲ್ಲಿ ಹುಡುಕಿದೆ. ಏಳನೇ ಬುಡದ ಕೆಳಗಿನ ಎಲೆಯಲ್ಲಿ ಕಪ್ಪು ದುಂಬಿ ಸಿಕ್ಕಿತು, ಗುಂಡುಸೂಜಿ ತಲೆಯಷ್ಟೇ. ನಾನು ಇಷ್ಟು ವರ್ಷ ಅದನ್ನು ಹುಳ ಅಂತ ಹೊಸಕಿ ಹಾಕುತ್ತಿದ್ದೆ.

ಪುಸ್ತಕದ ಹುಳ:
ಹೌದು ಅಣ್ಣ, ಮೊಟ್ಟೆ. ಒಂದು ಎಲೆಗೆ ಒಂದೇ ಹೆಣ್ಣು ಬಿಡಿ, ದಿನಾ ಒಂದೇ ಹೊತ್ತಿಗೆ ಎಣಿಸಿ, ಎಣಿಸಿದ್ದನ್ನು ಸೂಜಿಯಿಂದ ತೆಗೆದುಬಿಡಿ. ಇಬ್ಬರು ಬೇರೆ ಬೇರೆ ಎಣಿಸಿದರೆ ಒಳ್ಳೆಯದು.

ಪೆರ್ಲದ ತೋಟಿಗ:
ಮಗಳನ್ನು ಕೂರಿಸಿದ್ದೇನೆ, ಎಂಟನೇ ಕ್ಲಾಸು, ಕಣ್ಣು ಚುರುಕು. ಒಂದೇ ಎಲೆಗೆ ನನ್ನ ಲೆಕ್ಕ ಒಂಬತ್ತು, ಅವಳದ್ದು ಹದಿಮೂರು. ಅವಳದ್ದೇ ಬರೆದುಕೊಂಡೆ.